ಲೈನ್ ಫಾಲೋವರ್ ರೋಬೋ ಕಿಟ್: ಒಂದು ವರ್ಷ ಓಡಿಸಿದ ಮೇಲೆ ನನ್ನ ವಿಮರ್ಶೆ

ನೆಲದ ಮೇಲಿನ ಕಪ್ಪು ಗೆರೆ ಹಿಡಿದು ತಾನೇ ಓಡುವ ಪುಟ್ಟ ರೋಬೋ ಕಟ್ಟೋಕೆ ಕಳೆದ ಬೇಸಿಗೆ ರಜೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಕಿಟ್ ಇದು. ಕಟ್ಟಿದ್ದು ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಬೀದಿಯ ನಾಲ್ಕು ಜನ ಹೈಸ್ಕೂಲ್ ಮಕ್ಕಳು, ಜೊತೆಗೆ ನಾನು. ಒಂದು ವರ್ಷ ದಾಟಿದೆ, ಇನ್ನೂ ಓಡುತ್ತಿದೆ. ಮೂರ್ನಾಲ್ಕು ಮಕ್ಕಳು ಸೇರಿ ಮಾಡುವುದಾದರೆ ಕಣ್ಣು ಮುಚ್ಚಿ ತಗೊಳ್ಳಿ, ಆದರೆ ಡಬ್ಬಿಯಲ್ಲಿ ಬರುವ ಎರಡು ವಸ್ತುಗಳನ್ನು ಬಳಸಬೇಡಿ. ಒಂದು ಬ್ಯಾಟರಿ, ಇನ್ನೊಂದು ರೆಡಿಮೇಡ್ ಪ್ರೋಗ್ರಾಂ.

ಒಳಗೆ ಏನಿದೆ ಅಂದರೆ, ಅಕ್ರಿಲಿಕ್ ಚಾಸಿ (ಎಲ್ಲವನ್ನೂ ಕೂರಿಸುವ ತಳದ ಹಲಗೆ), ಹಳದಿ ಬಣ್ಣದ ಎರಡು ಬಿಓ ಮೋಟರ್ (ಗೇರ್ ಇರುವ ಅಗ್ಗದ ಪ್ಲಾಸ್ಟಿಕ್ ಮೋಟರ್), ಚಕ್ರ, ಮುಂದಕ್ಕೊಂದು ಕ್ಯಾಸ್ಟರ್ (ಎಲ್ಲ ಕಡೆ ತಿರುಗುವ ಪುಟ್ಟ ಚಕ್ರ), ಪ್ರೋಗ್ರಾಂ ಓಡಿಸುವ ಆರ್ಡುಯಿನೋ ಊನೋ ಬೋರ್ಡ್, ಅದು ಹೇಳಿದಂತೆ ಮೋಟರಿಗೆ ಕರೆಂಟ್ ಕೊಡುವ ಎಲ್298ಎನ್ ಮೋಟರ್ ಡ್ರೈವರ್, ಎರಡು ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಸೆನ್ಸರ್, ಜಂಪರ್ ವೈರ್. ಜೋಡಿಸೋದು ಕಷ್ಟ ಇಲ್ಲ. ಮೋಟರ್ ಬೋಲ್ಟ್ ಮಾತ್ರ ಜಾಸ್ತಿ ಬಿಗಿ ಮಾಡಬೇಡಿ, ಅಕ್ರಿಲಿಕ್ ಸೀಳುತ್ತದೆ.

ಮೊದಲು ಬ್ಯಾಟರಿ ವಿಷಯ. 9 ವೋಲ್ಟಿನ ಚೌಕ ಬ್ಯಾಟರಿ ಕೊಟ್ಟಿದ್ದಾರೆ. ಅದು ಕಮ್ಮಿ ಕರೆಂಟ್ ಸಾಕಾಗುವ ಸಾಧನಗಳಿಗೆ ಆಗುವಂಥದ್ದು, ಮೋಟರ್ ಕೇಳುವಷ್ಟು ಕರೆಂಟ್ ಅದಕ್ಕೆ ಕೊಡಲಾಗುವುದಿಲ್ಲ. ಎರಡೂ ಚಕ್ರ ಒಟ್ಟಿಗೆ ಹೊರಟ ಕೂಡಲೇ ವೋಲ್ಟೇಜ್ ಕುಸಿದು ಬೋರ್ಡೇ ರೀಸೆಟ್ ಆಗುತ್ತದೆ. ನೋಡುವವರಿಗೆ ಪ್ರೋಗ್ರಾಂ ಕೆಟ್ಟಿದೆ ಅನ್ನಿಸುತ್ತದೆ. ಮೇಲಾಗಿ ಎಲ್298ಎನ್ ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ. ನಾವು 18650 ಅನ್ನೋ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ ಎರಡನ್ನು ಸಾಲಾಗಿ ಹಾಕಿದೆವು, 7.4 ವೋಲ್ಟ್. ಡ್ರೈವರ್ ತಿಂದು ಉಳಿದದ್ದು 3ರಿಂದ 6 ವೋಲ್ಟಿನ ಈ ಮೋಟರಿಗೆ ಸರಿಹೊಂದುತ್ತದೆ. ಆ ಸೆಲ್ ಚಾರ್ಜ್ ಮಾಡೋದು ದೊಡ್ಡವರ ಕೆಲಸ, ಮಕ್ಕಳ ಕೈಗೆ ಬಿಡಬೇಡಿ. ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ಇನ್ನೊಂದು ಮಾತು, ಬ್ಯಾಟರಿ, ಡ್ರೈವರ್, ಆರ್ಡುಯಿನೋ ಮೂರರ ಗ್ರೌಂಡ್ (ಮೈನಸ್ ತುದಿ) ಒಂದಕ್ಕೊಂದು ಸೇರಿರಲೇಬೇಕು ಅನ್ನೋದನ್ನು ಕಿಟ್ ಜೊತೆ ಬಂದ ಹಾಳೆಯಲ್ಲಿ ಬರೆದೇ ಇಲ್ಲ. ಇದು ನನಗೆ ನಿಜವಾಗಿ ಸಿಟ್ಟು ತರಿಸಿದ ವಿಷಯ, ಅಷ್ಟು ಮುಖ್ಯವಾದದ್ದನ್ನು ಹೇಗೆ ಬಿಡುತ್ತಾರೆ?

ಸೆನ್ಸರ್ ಚೆನ್ನಾಗಿದೆ. ಬಿಳಿ ಹಾಳೆ ಮೇಲೆ ಬಿದ್ದ ಐಆರ್ ಬೆಳಕು ವಾಪಸ್ ಬರುತ್ತದೆ, ಕಪ್ಪು ಟೇಪ್ ಅದನ್ನು ಹೀರಿಕೊಳ್ಳುತ್ತದೆ, ಅಷ್ಟೇ ಲೆಕ್ಕ. ಮೇಲಿರುವ ಪುಟ್ಟ ನೀಲಿ ಪ್ರೀಸೆಟ್ಟನ್ನು (ಸೆನ್ಸರ್ ಎಷ್ಟು ಸೂಕ್ಷ್ಮ ಅಂತ ಹೊಂದಿಸುವ ತಿರುಪು) ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸಬೇಕು. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಆ ಬಿಸಿಲಲ್ಲೂ ಐಆರ್ ಇರುತ್ತದೆ. ಸಂಜೆ ಲೈಟ್ ಬೆಳಕಲ್ಲಿ ಹೊಂದಿಸಿದ್ದು ಮಧ್ಯಾಹ್ನ ಪಡಸಾಲೆಗೆ ಬಿಸಿಲು ಬಿದ್ದಾಗ ದಾರಿ ತಪ್ಪುತ್ತದೆ. ಸೆನ್ಸರ್ ಸುತ್ತ ಕಪ್ಪು ಕಾಗದದ ಮರೆ ಕಟ್ಟಿ, ನೆಲಕ್ಕೆ ಒಂದು ಸೆಂಟಿಮೀಟರಿಗಿಂತ ಹತ್ತಿರ ಇಳಿಸಿದ ಮೇಲೆ ಸರಿಹೋಯಿತು. ಟ್ರ್ಯಾಕಿಗೆ ಬಿಳಿ ಚಾರ್ಟ್ ಶೀಟ್, ಕರೆಂಟಿನ ಕಪ್ಪು ಟೇಪ್ ಸಾಕು. ಆ ಟೇಪನ್ನು ಸ್ವಲ್ಪ ಎಳೆದು ಅಂಟಿಸಿದರೆ ತಿರುವೂ ಚೆನ್ನಾಗಿ ಬರುತ್ತದೆ.

ಈಗ ಪ್ರೋಗ್ರಾಂ. ಡಬ್ಬಿ ಮೇಲೆ ಒಂದು ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಪೂರ್ತಿ ಪ್ರೋಗ್ರಾಂ ಇಳಿಯುತ್ತದೆ. ದಯವಿಟ್ಟು ಅದನ್ನು ಹಾಕಬೇಡಿ, ಮಕ್ಕಳೇ ಬರೆಯಲಿ, ಕಲಿಯೋದೆಲ್ಲ ಇರುವುದು ಆ ಬರೆಯೋದರಲ್ಲೇ. ಗೆರೆಯ ಆಚೆ ಒಂದು, ಈಚೆ ಒಂದು, ಎರಡು ಸೆನ್ಸರ್ ಅಂದರೆ ನಾಲ್ಕೇ ಸ್ಥಿತಿ. ಎರಡೂ ಬಿಳಿ ಇದ್ದರೆ ನೇರ. ಎಡಕ್ಕೆ ಕಪ್ಪು ಸಿಕ್ಕರೆ ಎಡಕ್ಕೆ ತಿರುಗು, ಬಲಕ್ಕೆ ಸಿಕ್ಕರೆ ಬಲಕ್ಕೆ. ನಾಲ್ಕನೆಯದು ಎರಡೂ ಕಪ್ಪು, ಅಲ್ಲಿ ಶುರುವಾಯಿತು ನೋಡಿ ಜಗಳ. ಟ್ರ್ಯಾಕ್ ಕೊನೆಯಲ್ಲಿ ಅಗಲವಾದ ಪಟ್ಟಿ ಇದೆ, ನಿಲ್ಲಲೇಬೇಕು ಅಂತ ಇಬ್ಬರು. ಎಂಟರ ಆಕಾರದ ಟ್ರ್ಯಾಕಲ್ಲಿ ಗೆರೆ ಗೆರೆಯನ್ನು ದಾಟುವ ಜಾಗದಲ್ಲಿ ನಿಂತರೆ ಹೇಗೆ ಅಂತ ಇನ್ನಿಬ್ಬರು. ಕೊನೆಗೆ ಅವರಲ್ಲೇ ಚಿಕ್ಕವಳು, "ಅಕ್ಕಾ, ಎಷ್ಟು ಹೊತ್ತು ಕಪ್ಪು ಕಾಣುತ್ತೆ ಅಂತ ನೋಡಿದ್ರೆ ಆಯ್ತಲ್ವಾ?" ಅಂದಳು. ಟೇಪ್ ಸಣ್ಣದು, ದಾಟಲು ಕ್ಷಣ ಸಾಕು, ಅಗಲದ ಪಟ್ಟಿಯಾದರೆ ಕಪ್ಪು ಹಾಗೇ ಉಳಿಯುತ್ತದೆ. ರೆಡಿಮೇಡ್ ಪ್ರೋಗ್ರಾಂ ಹಾಕಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ತಂಡ ಅಂದಮೇಲೆ ವೈರಿಂಗ್ ಮಾಡಿದವನು ಪ್ರೋಗ್ರಾಂ ತಪ್ಪು ಅನ್ನುತ್ತಾನೆ, ಪ್ರೋಗ್ರಾಂ ಬರೆದವಳು ವೈರ್ ಸಡಿಲ ಅನ್ನುತ್ತಾಳೆ. ಅದಕ್ಕೆ ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸುವುದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಕಿಟಕಿ) ತೆರೆದು ಸೆನ್ಸರಿಂದ 0, 1 ಸರಿಯಾಗಿ ಬರುತ್ತಿದೆಯಾ ಅಂತ ಎಲ್ಲರೂ ಒಟ್ಟಿಗೆ ನೋಡುವ ಅಭ್ಯಾಸ ಮಾಡಿಸಿ, ವಾದ ಅಲ್ಲೇ ತೀರುತ್ತದೆ. ಒಂದೇ ಮಗು ಯಾವಾಗಲೂ ಲ್ಯಾಪ್‌ಟಾಪ್ ಮುಂದೆ ಕೂರದ ಹಾಗೆ ಕೆಲಸ ಬದಲಾಯಿಸುತ್ತಾ ಇರಿ.

ವರ್ಷದಲ್ಲಿ ಕೆಟ್ಟದ್ದು? ಮೋಟರ್ ತಗಡಿಗೆ ಬೆಸುಗೆ ಹಾಕಿದ ವೈರ್ ಕಿತ್ತು ಬಂತು, ಮೊಬೈಲ್ ರಿಪೇರಿ ಅಂಗಡಿಯವರು ಹಾಕಿಕೊಟ್ಟರು. ಜಂಪರ್ ವೈರ್ ಕೆಲವು ಸಡಿಲ ಆದವು. ಚಕ್ರದ ರಬ್ಬರಿಗೆ ಧೂಳು ಹಿಡಿದರೆ ಜಾರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರಡು ಮೋಟರಿಗೂ ಒಂದೇ ಪಿಡಬ್ಲ್ಯೂಎಂ (ವೇಗ ಹೊಂದಿಸುವ ಸಿಗ್ನಲ್) ಕೊಟ್ಟರೂ ಒಂದು ತುಸು ನಿಧಾನ, ಪ್ರೋಗ್ರಾಮಲ್ಲೇ ಹೊಂದಿಸಿಕೊಳ್ಳಬೇಕು. ಬೋರ್ಡಿಗೆ, ಡ್ರೈವರಿಗೆ ಏನೂ ಆಗಿಲ್ಲ.

ಮಾರುವವರು ಪಿಐಡಿ (ಗೆರೆಯಿಂದ ಸರಿದಷ್ಟಕ್ಕೆ ತಕ್ಕ ಹಾಗೆ ತಿರುಗಿಸುವ ವಿಧಾನ) ಕೂಡ ಮಾಡಬಹುದು ಅಂತ ಹಾಕಿದ್ದಾರೆ. ಬರೀ 0, 1 ಕೊಡುವ ಎರಡು ಸೆನ್ಸರ್ ಇಟ್ಟುಕೊಂಡು ಅದು ಹೆಸರಿಗಷ್ಟೇ. ಗೆರೆಯಿಂದ ಎಷ್ಟು ದೂರ ಸರಿದಿದೆ ಅಂತ ಗೊತ್ತಾಗಬೇಕಲ್ಲ! ಅದಕ್ಕೇ ಇದು ಹಾವಿನ ಹಾಗೆ ಅತ್ತಿತ್ತ ಹೊರಳುತ್ತಾ ಹೋಗುತ್ತದೆ. ನಾವು ಆಮೇಲೆ ಐದು ಸೆನ್ಸರಿನ ಪಟ್ಟಿ ಹಾಕಿದೆವು, ಅದೇ ಚಾಸಿಗೆ ಕೂತಿತು, ಓಟ ಎಷ್ಟೋ ನೇರವಾಯಿತು. ಸ್ಪರ್ಧೆಗೆ ಅಂತಲೇ ನೋಡುತ್ತಿದ್ದರೆ ಈ ಕಿಟ್ ಬೇಡ, ಮೋಟರ್ ನಿಧಾನ. ಎನ್20 ಮೋಟರ್ (ಲೋಹದ ಗೇರ್ ಇರುವ ಪುಟ್ಟ ಮೋಟರ್), ಸೆನ್ಸರ್ ಪಟ್ಟಿ ಬಿಡಿಯಾಗಿ ತಗೊಂಡು ಕಟ್ಟಿ.