ರನ್‌ವೇ ಮುಂದೆಯೇ ಯಾಕೆ ನಿಲ್ಲುತ್ತಿತ್ತು? ರ‍್ಯಾಮ್ ಬೂಸ್ಟರ್ ಜೊತೆ ಒಂದೂವರೆ ವರ್ಷ

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಬೆಳಗ್ಗೆಯಿಂದ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಪಹಣಿ, ಆಧಾರ್ ಪ್ರಿಂಟು ಅಂತ ಕೆಲಸ. ರಾತ್ರಿ ಎಂಟೂವರೆಗೆ ಶಟರ್ ಅರ್ಧಕ್ಕೆ ಇಳಿಸಿ, ಅದೇ ಕಂಪ್ಯೂಟರಿನಲ್ಲಿ ಒಂದು ಗಂಟೆ ವಿಮಾನ ಹಾರಿಸುತ್ತೇನೆ. ಎಕ್ಸ್-ಪ್ಲೇನ್ 11 ಅನ್ನುವ ವಿಮಾನದ ಸಿಮ್ಯುಲೇಟರ್, ಅದರಲ್ಲಿ ಸೆಸ್ನಾ 172 ಅನ್ನುವ ಚಿಕ್ಕ ವಿಮಾನ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮೇಲೆದ್ದು, ಚಾಮುಂಡಿ ಬೆಟ್ಟಕ್ಕೆ ಒಂದು ಸುತ್ತು ಹಾಕಿ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟಿ, ರೈಲು ಹಳಿ ಹಿಡಿದು ಮಂಡ್ಯದವರೆಗೆ ಬರುತ್ತೇನೆ. ಮತ್ತೆ ವಾಪಸ್. ಬಸ್ಸಿನಲ್ಲಿ ಗಂಟೆ ಹಿಡಿಯುವ ದಾರಿ ಸೆಸ್ನಾದಲ್ಲಿ ಕಾಲು ಗಂಟೆ.

ಕೆಳಗೆ ಕಾಣುವ ಮನೆಗಳು ನಮ್ಮ ಕಡೆಯವಲ್ಲ, ಹೊರದೇಶದ ಊರಿನ ಥರ ಇರುತ್ತವೆ. ಅರಮನೆಯೂ ಇಲ್ಲ. ಆದರೆ ರಸ್ತೆ ಮತ್ತು ಹಳಿ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಮಾಡಿದ ನಕ್ಷೆಯ ಆಧಾರದ ಮೇಲೆ ಹಾಕಿದವು. ಹಳಿ ಎಲ್ಲಿ ತಿರುಗಬೇಕೋ ಅಲ್ಲೇ ತಿರುಗುತ್ತದೆ. ಎಡಗಡೆ ದೂರದಲ್ಲಿ ಕೆಆರ್‌ಎಸ್ ನೀರು ಹೊಳೆಯುತ್ತದೆ. ದಿನವಿಡೀ ಕೂತ ಕುರ್ಚಿಯಿಂದಲೇ ನಮ್ಮೂರನ್ನು ಮೇಲಿಂದ ನೋಡುವುದಿದೆಯಲ್ಲ, ಅದಕ್ಕೆ ನಾನು ಏನು ಬೇಕಾದರೂ ಮಾಡುತ್ತೇನೆ.

ಏನು ಬೇಕಾದರೂ ಅಂದೆನಲ್ಲ, ಅದರಲ್ಲಿ ಒಂದು ಈ ರ‍್ಯಾಮ್ ಬೂಸ್ಟರ್ ಕೊಂಡಿದ್ದು. ರ‍್ಯಾಮ್, ಅಂದರೆ ಓಡುತ್ತಿರುವ ಪ್ರೋಗ್ರಾಂಗಳು ಬಳಸುವ ಮೆಮೊರಿ, ಅದನ್ನು ಖಾಲಿ ಮಾಡಿ ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇನೆ ಅನ್ನುವ ಪ್ರೋಗ್ರಾಂ ಇದು. ಹೆಸರು ಬೇಡ. ಈ ಥರದವು ಹತ್ತಾರು ಇವೆ, ಒಳಗೆ ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ.

ನನ್ನ ಮಿಷಿನ್‌ನಲ್ಲಿ ಆಗ ಇದ್ದಿದ್ದು 8 ಜಿಬಿ ರ‍್ಯಾಮ್. ಮೇಲೆ ಹಾರುವಾಗ ಪರವಾಗಿಲ್ಲ. ಇಳಿಯುವಾಗ ಮಾತ್ರ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಅರ್ಧ ಸೆಕೆಂಡ್ ನಿಂತು ಮತ್ತೆ ಓಡುತ್ತಿತ್ತು. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಸೆಸ್ನಾಗೆ ಅದು ಧಾರಾಳ. ಆದರೆ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ ನೆಲ ಹತ್ತಿರ ಬರುವಾಗ ಕೈ ತುಂಬಾ ಮೆಲ್ಲಗೆ ಸ್ಟಿಕ್ ಎಳೆಯಬೇಕು. ಆಗ ಚಿತ್ರ ನಿಂತರೆ ಕೈ ನಿಲ್ಲುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಚಿತ್ರ ಮತ್ತೆ ಓಡಿದಾಗ ಸ್ಟಿಕ್ ಎಲ್ಲೋ ಹೋಗಿರುತ್ತದೆ, ಮೂಗು ದಿಢೀರನೆ ಮೇಲೇಳುತ್ತದೆ, ವಿಮಾನ ಧಡ್ ಅಂತ ಬೀಳುತ್ತದೆ. ಅರ್ಧ ಗಂಟೆ ಚೆನ್ನಾಗಿ ಹಾರಿಸಿದ್ದೆಲ್ಲ ಆ ಅರ್ಧ ಸೆಕೆಂಡಿಗೆ ಹಾಳು.

ಹಾಗಾಗಿ 2023ರ ಶುರುವಿನಲ್ಲಿ ವರ್ಷಕ್ಕೆ 899 ರೂಪಾಯಿ ಕೊಟ್ಟು ಬೂಸ್ಟರ್ ಹಾಕಿಸಿಕೊಂಡೆ. ಮೊದಲ ತಿಂಗಳು ನನಗೆ ಅದು ತುಂಬಾ ಹಿಡಿಸಿತು, ಸುಳ್ಳು ಹೇಳಲ್ಲ. ದೊಡ್ಡ ಗುಂಡನೆಯ ಬಟನ್. ಒತ್ತಿದರೆ ರ‍್ಯಾಮ್ ಎಷ್ಟು ತುಂಬಿದೆ ಅಂತ ತೋರಿಸುವ ಮುಳ್ಳು 81 ಪರ್ಸೆಂಟಿನಿಂದ 46ಕ್ಕೆ ಇಳಿಯುತ್ತದೆ. ‘2.8 ಜಿಬಿ ಖಾಲಿ ಆಯಿತು’ ಅಂತ ಹಸಿರು ಅಕ್ಷರದಲ್ಲಿ ಬರುತ್ತದೆ, ಟಿಣ್ ಅಂತ ಸದ್ದು. ಶಟರ್ ಇಳಿಸುವುದು, ಜಾಯ್‌ಸ್ಟಿಕ್ ಬಟ್ಟೆ ಚೀಲದಿಂದ ತೆಗೆಯುವುದು, ಬಟನ್ ಒತ್ತುವುದು, ಟಿಣ್. ಆ ಸದ್ದು ಕೇಳಿದರೆ ಅಂಗಡಿ ಮುಗಿಯಿತು, ಇನ್ನು ನನ್ನ ಸಮಯ ಅನ್ನುವ ಹಾಗಿತ್ತು. ರ‍್ಯಾಮ್ 80 ಪರ್ಸೆಂಟ್ ದಾಟಿದರೆ ತಾನೇ ಖಾಲಿ ಮಾಡುವ ಆಯ್ಕೆಯನ್ನೂ ಆನ್ ಮಾಡಿಟ್ಟೆ.

ಆದರೆ ಇಳಿಯುವಾಗ ನಿಲ್ಲುವುದು ಕಡಿಮೆಯಾಗಲಿಲ್ಲ. ಸ್ವಲ್ಪ ಜಾಸ್ತಿಯೇ ಆಯಿತು. ನನ್ನ ಮಿಷಿನ್ ಹಳೆಯದು, ಅದಕ್ಕೇ ಅಂದುಕೊಂಡೆ. ಸಿಮ್ಯುಲೇಟರಿನ ಸೆಟ್ಟಿಂಗ್ ಇಳಿಸಿದೆ, ಮರ ಕಡಿಮೆ ಮಾಡಿದೆ, ಮೋಡ ತೆಗೆದೆ. ಬೂಸ್ಟರ್ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ.

ಮನಸ್ಸು ಕೆಟ್ಟಿದ್ದು ಬೇರೆ ಕಾರಣಕ್ಕೆ. ಅದರಲ್ಲಿ ‘ಗೇಮ್ ಮೋಡ್’ ಅಂತ ಇನ್ನೊಂದು ಬಟನ್ ಇತ್ತು. ಆಟಕ್ಕೆ ಬೇಡದ ವಿಂಡೋಸ್ ಸರ್ವಿಸ್‌ಗಳನ್ನು, ಅಂದರೆ ಹಿಂದೆ ಕಾಣದಂತೆ ಓಡುವ ಪ್ರೋಗ್ರಾಂಗಳನ್ನು, ನಿಲ್ಲಿಸುತ್ತದಂತೆ, ಆಟ ಮುಗಿದ ಮೇಲೆ ಮತ್ತೆ ಶುರು ಮಾಡುತ್ತದಂತೆ. ಒಂದು ರಾತ್ರಿ ಹಾರಿಸುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಕೂಗುತ್ತಿತ್ತು, ಹಾಗೇ ಶಟ್‌ಡೌನ್ ಕೊಟ್ಟು ಮನೆಗೆ ಹೋದೆ.

ಬೆಳಗ್ಗೆ ಏಳೂವರೆಗೆ ಅಂಗಡಿ ಮುಂದೆ ಒಂದು ಹುಡುಗಿ, ಅವಳ ಅಪ್ಪ ನಿಂತಿದ್ದರು. ಸರ್ಕಾರಿ ಕೆಲಸದ ಪರೀಕ್ಷೆ, ಸೆಂಟರ್ ಮೈಸೂರಿನಲ್ಲಿ. ಹಾಲ್ ಟಿಕೆಟ್ ಪ್ರಿಂಟ್ ಆಗಬೇಕು, ಎಂಟು ಗಂಟೆ ಬಸ್ಸು. ಪ್ರಿಂಟ್ ಕೊಟ್ಟರೆ ಪ್ರಿಂಟರೇ ಕಾಣಿಸುತ್ತಿಲ್ಲ. ಎರಡೂ ಪ್ರಿಂಟರ್ ಮಾಯ. ಕೇಬಲ್ ಕಿತ್ತು ಹಾಕಿದೆ, ಆಫ್ ಆನ್ ಮಾಡಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಏನೂ ಇಲ್ಲ.

“ಏನಣ್ಣ, ಮಿಷಿನ್ ಕೆಟ್ಟೋಯ್ತಾ?” ಅಂದರು ಅವಳ ಅಪ್ಪ. ಹುಡುಗಿ ಮಾತಾಡಲಿಲ್ಲ, ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದಳು. ಏಳು ಐವತ್ತಕ್ಕೆ ಎದುರಿನ ಅಂಗಡಿಯವನಿಗೆ ಫೋನ್ ಮಾಡಿ ಬರಿಸಿ, ಅಲ್ಲಿ ತೆಗೆಸಿಕೊಟ್ಟೆ. ಬಸ್ಸು ಸಿಕ್ಕಿತು ಅಂತ ಆಮೇಲೆ ಗೊತ್ತಾಯಿತು. ಆದರೂ ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಅವರು ಹೋದ ಮೇಲೆ ಸರ್ವಿಸಸ್ ಪಟ್ಟಿ ತೆರೆದು ನೋಡಿದೆ. ‘ಪ್ರಿಂಟ್ ಸ್ಪೂಲರ್’ ನಿಂತಿತ್ತು. ಬರೀ ನಿಂತಿದ್ದಲ್ಲ, ‘ಡಿಸೇಬಲ್ಡ್’ ಅಂತ ಮಾಡಿಟ್ಟಿತ್ತು. ಅದಕ್ಕೇ ರೀಸ್ಟಾರ್ಟ್ ಮಾಡಿದರೂ ಏಳಲಿಲ್ಲ. ಪ್ರಿಂಟಿಗೆ ಕೊಟ್ಟ ಕೆಲಸವನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರಿಂಟರಿಗೆ ಕಳಿಸುವುದೇ ಆ ಸರ್ವಿಸ್. ಅದು ತಿನ್ನುವ ರ‍್ಯಾಮ್ ಕೆಲವೇ ಎಂಬಿ. ಅಷ್ಟು ಉಳಿಸುವುದಕ್ಕೆ ನನ್ನ ಅಂಗಡಿಯನ್ನೇ ನಿಲ್ಲಿಸಿತ್ತು!

ಅವತ್ತಿನಿಂದ ಅದನ್ನು ಅನುಮಾನದಿಂದ ನೋಡುವುದಕ್ಕೆ ಶುರು ಮಾಡಿದೆ. ರಾತ್ರಿ ಒಂದು ಹಾಳಾದ ಲಗ್ನಪತ್ರಿಕೆಯ ಹಿಂಬದಿ ಇಟ್ಟುಕೊಂಡು, ಚಿತ್ರ ನಿಂತಾಗಲೆಲ್ಲ ಒಂದು ಗೆರೆ ಎಳೆದೆ. ಟಿಣ್ ಕೇಳಿದಾಗಲೆಲ್ಲ ಗೆರೆಯ ಮೇಲೆ ಒಂದು ಚುಕ್ಕೆ. ಒಂದು ಹಾರಾಟದಲ್ಲಿ ಹನ್ನೊಂದು ಗೆರೆ. ಒಂಬತ್ತರ ಮೇಲೆ ಚುಕ್ಕೆ ಇತ್ತು. ಮುಕ್ಕಾಲು ವರ್ಷ ಖುಷಿಯಿಂದ ಕೇಳಿಸಿಕೊಂಡ ಸದ್ದೇ ನನ್ನ ವಿಮಾನ ನಿಲ್ಲಿಸುತ್ತಿತ್ತು.

ಯಾಕೆ ಹೀಗೆ ಅಂತ ನನ್ನ ಅಂಗಡಿಯ ಭಾಷೆಯಲ್ಲೇ ಹೇಳುತ್ತೇನೆ. ನನ್ನ ಟೇಬಲ್ ಮೇಲೆ ಹತ್ತು ಪತ್ರಿಕೆಯ ಕೆಲಸ ಹರಡಿಕೊಂಡಿದೆ ಅನ್ನಿ. ಕೈಗೆ ಸಿಗಲಿ ಅಂತ ಇಟ್ಟುಕೊಂಡಿದ್ದೇನೆ. ಯಾರೋ ಬಂದು ಅದನ್ನೆಲ್ಲ ಬಾಚಿ ಹಿಂದಿನ ರೂಮಿನಲ್ಲಿ ಹಾಕಿ, ‘ನೋಡಿ, ಟೇಬಲ್ ಎಷ್ಟು ಖಾಲಿ ಆಯಿತು’ ಅನ್ನುತ್ತಾರೆ. ಟೇಬಲ್ ಖಾಲಿ ಇದೆ, ನಿಜ. ಆದರೆ ಮುಂದಿನ ಗಳಿಗೆಯಲ್ಲೇ ನನಗೆ ಆ ಹಾಳೆ ಬೇಕು, ಎದ್ದು ಓಡಬೇಕು. ಬೂಸ್ಟರ್ ಮಾಡುವುದು ಇದನ್ನೇ. ಓಡುತ್ತಿರುವ ಪ್ರೋಗ್ರಾಂಗಳ ಕೈಯಲ್ಲಿರುವ ಮೆಮೊರಿಯನ್ನು ಕಿತ್ತುಕೊಳ್ಳುವಂತೆ ವಿಂಡೋಸ್‌ಗೆ ಹೇಳುತ್ತದೆ. ಮುಳ್ಳು ಇಳಿಯುತ್ತದೆ. ಸಿಮ್ಯುಲೇಟರ್ ತನ್ನದನ್ನು ಮತ್ತೆ ಒಂದೊಂದಾಗಿ ತಂದುಕೊಳ್ಳಬೇಕು. ಕೆಲವು ಡಿಸ್ಕಿಗೇ ಹೋಗಿರುತ್ತವೆ, ಅಲ್ಲಿಂದ ತರಬೇಕು. ಆ ತರುವ ಹೊತ್ತೇ ಚಿತ್ರ ನಿಲ್ಲುವ ಹೊತ್ತು. ಇಳಿಯುವಾಗ ವಿಮಾನ ನಿಲ್ದಾಣದ ಕಟ್ಟಡ, ಊರಿನ ಮನೆ ಎಲ್ಲ ಸೇರಿ ರ‍್ಯಾಮ್ 80 ದಾಟುತ್ತಿತ್ತು. ಸರಿಯಾಗಿ ಆಗಲೇ ಬೂಸ್ಟರ್ ಎದ್ದು ಬಾಚುತ್ತಿತ್ತು.

ಸುಮ್ನೆ ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ಯಾರಿಗೂ ಲಾಭ ಇಲ್ಲ. ಒಮ್ಮೆ ಓದಿದ್ದನ್ನು ವಿಂಡೋಸ್ ಅಲ್ಲೇ ಇಟ್ಟುಕೊಂಡಿರುತ್ತದೆ, ಬೇರೆಯವರು ಕೇಳಿದರೆ ಜಾಗ ಬಿಟ್ಟುಕೊಡುತ್ತದೆ. ಬೇಕಿರುವುದು ಇರುವವರ ಟೇಬಲ್ ಬಾಚುವುದಲ್ಲ, ಬೇಡದವರನ್ನು ಒಳಗೆ ಕೂರಿಸದಿರುವುದು.

ಅದನ್ನು ಕೈಯಿಂದಲೇ ಮಾಡಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟ್‌ಅಪ್ ಪಟ್ಟಿ ನೋಡಿ. ನನ್ನದರಲ್ಲಿ ಹದಿನಾಲ್ಕು ಇದ್ದವು. ಎರಡು ಪ್ರಿಂಟರಿನ ‘ಇಂಕ್ ಎಷ್ಟಿದೆ’ ಹೇಳುವವು, ಸ್ಕ್ಯಾನರಿನದೊಂದು, ಚಾಟ್ ಆ್ಯಪ್, ಫೋಟೊ ಬ್ಯಾಕಪ್, ಯಾವುದೋ ಕಾಲದಲ್ಲಿ ಹಾಕಿದ ಪಿಡಿಎಫ್ ಪ್ರೋಗ್ರಾಂ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳುವುದು. ಹತ್ತನ್ನು ಡಿಸೇಬಲ್ ಮಾಡಿದೆ. ಇವು ಸರ್ವಿಸ್ ಅಲ್ಲ, ಬೇಕೆಂದಾಗ ತೆರೆದರೆ ಆಯಿತು, ಪ್ರಿಂಟು ನಿಲ್ಲುವುದಿಲ್ಲ. ಮೊದಲು ಕಂಪ್ಯೂಟರ್ ಆನ್ ಆದ ತಕ್ಷಣ 4 ಜಿಬಿ ಹೋಗಿರುತ್ತಿತ್ತು, ಈಗ 2.5ರ ಹತ್ತಿರ. ಬ್ರೌಸರ್ ಮುಚ್ಚಿದರೂ ಹಿಂದೆ ಓಡುತ್ತಲೇ ಇರುತ್ತದೆ, ಅದರ ಸೆಟ್ಟಿಂಗ್‌ನಲ್ಲಿ ಸಿಸ್ಟಮ್ ಅನ್ನುವ ಕಡೆ ಅದನ್ನು ನಿಲ್ಲಿಸುವ ಆಯ್ಕೆ ಇದೆ. ಆಂಟಿವೈರಸ್‌ಗೆ ಎಕ್ಸ್-ಪ್ಲೇನ್ ಫೋಲ್ಡರ್ ಒಂದನ್ನು ಬಿಟ್ಟುಬಿಡು ಅಂತ ಹೇಳಿದೆ. ಆ ಒಂದೇ ಫೋಲ್ಡರ್, ಇಡೀ ಡ್ರೈವ್ ಅಲ್ಲ. ನಮ್ಮಂಥ ಅಂಗಡಿಗೆ ಜನ ಪೆನ್‌ಡ್ರೈವ್ ತರುತ್ತಾರೆ, ಆಂಟಿವೈರಸ್ ಇರಲೇಬೇಕು.

ಇನ್ನೊಂದು ನನಗೆ ತಡವಾಗಿ ತಿಳಿದಿದ್ದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 30 ಪರ್ಸೆಂಟ್ ಅಂತ ತೋರಿಸಿದರೆ ಬೇಕಾದಷ್ಟು ಬಿಡುವಿದೆ ಅಂತಲ್ಲ. ಎಕ್ಸ್-ಪ್ಲೇನ್‌ನ ಮುಖ್ಯ ಕೆಲಸ ಬಹುಪಾಲು ಒಂದೇ ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದು ಭಾಗ) ಮೇಲೆ ನಡೆಯುತ್ತದೆ. ಆರು ಕೋರ್ ಇದ್ದು ಐದು ಆರಾಮಾಗಿದ್ದರೂ ಆ ಒಂದು ಸುಸ್ತಾದರೆ ಮುಗಿಯಿತು. ಹಾಗಾಗಿ ಪೆಟ್ಟಿಗೆ ಬಿಚ್ಚಿ ನೋಡಿದೆ. ನಮ್ಮ ಅಂಗಡಿಯಲ್ಲಿ ದಿನಾ ಕಾಗದ ಕತ್ತರಿಸುವ ಧೂಳು. ಫ್ಯಾನಿನ ಕೆಳಗೆ ಬೂದು ಬಣ್ಣದ ಹಾಸು ಕೂತಿತ್ತು, ಬೆರಳಲ್ಲಿ ಎಳೆದರೆ ಕಂಬಳಿಯ ತುಂಡಿನ ಹಾಗೆ ಪೂರಾ ಎದ್ದು ಬಂತು. ಬ್ಲೋವರ್ ಹೊಡೆದು, ಪ್ರೊಸೆಸರ್ ಮೇಲೆ ಬಿಸಿ ಸಾಗಿಸುವ ಹೊಸ ಪೇಸ್ಟ್ ಹಚ್ಚಿದೆ. 90 ಡಿಗ್ರಿ ದಾಟುತ್ತಿದ್ದ ಪ್ರೊಸೆಸರ್ ಈಗ 70ರ ಆಸುಪಾಸಿನಲ್ಲಿರುತ್ತದೆ. ಬಿಸಿಯಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳುವುದಕ್ಕೆ ವೇಗ ಇಳಿಸಿಕೊಳ್ಳುತ್ತದೆ, ಯಾವ ಬೂಸ್ಟರ್ ಬಟನ್ನಿಗೂ ಅದು ಬಗ್ಗುವುದಿಲ್ಲ. ಇದಕ್ಕೆ ಆದ ಖರ್ಚು ಪೇಸ್ಟಿನದು ಮಾತ್ರ.

ಎರಡನೇ ವರ್ಷ ಬಂದಾಗ ಬೂಸ್ಟರ್‌ನವರು ಕೇಳದೆಯೇ 1,499 ರೂಪಾಯಿ ಕತ್ತರಿಸಿಕೊಂಡರು. ಎರಡು ಸಲ ಬರೆದೆ, ದುಡ್ಡು ವಾಪಸ್ ಬರಲಿಲ್ಲ. ದುಡ್ಡು ಹೋಗಿದೆಯಲ್ಲ ಅಂತ ತಾನೇ ಬಾಚುವ ಆಯ್ಕೆ ಆಫ್ ಮಾಡಿ ಇನ್ನೂ ಕೆಲವು ತಿಂಗಳು ಇಟ್ಟುಕೊಂಡಿದ್ದೆ. ಆಫ್ ಮಾಡಿದರೆ ಅದಕ್ಕೆ ಕೆಲಸವೇ ಇರಲಿಲ್ಲ. ಆ 1,499ರ ಮೇಲೆ ಇನ್ನು 300 ರೂಪಾಯಿ ಹಾಕಿದ್ದರೆ ಆಗ 8 ಜಿಬಿಯ ಇನ್ನೊಂದು ರ‍್ಯಾಮ್ ಬರುತ್ತಿತ್ತು. ಆಮೇಲೆ ಅದನ್ನೇ ತಂದು ಹಾಕಿದೆ. ಒಂದೇ ಕಡ್ಡಿ ಇದ್ದಲ್ಲಿ ಈಗ ಎರಡು, ಜೋಡಿಯಾಗಿ ಓಡುತ್ತವೆ, ಅದರಿಂದಲೂ ಸ್ವಲ್ಪ ವೇಗ ಸಿಕ್ಕಿತು. ನಿಮ್ಮದು 8 ಜಿಬಿ ಆಗಿದ್ದು, ಇನ್ನೊಂದು ಸ್ಲಾಟ್ ಖಾಲಿ ಇದ್ದರೆ, ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಿಂತ (ಚಿತ್ರಕ್ಕಿಂತ) ಜಾಸ್ತಿ ಬೇಡ ಅಂತ ಮಿತಿ ಹಾಕಿದ್ದೇನೆ. ಮೊದಲು 55ಕ್ಕೆ ಹೋಗಿ 22ಕ್ಕೆ ಬೀಳುತ್ತಿತ್ತು, ಕಣ್ಣಿಗೆ ಆ ಏರಿಳಿತವೇ ತೊಂದರೆ. 20ಕ್ಕಿಂತ ಕೆಳಗೆ ಬಿದ್ದರೆ ಎಕ್ಸ್-ಪ್ಲೇನ್ ತನ್ನ ಗಡಿಯಾರವನ್ನೇ ನಿಧಾನ ಮಾಡುತ್ತದೆ. ಈಗ ಒಂದೊಂದು ಫ್ರೇಮಿಗೂ 33 ಮಿಲಿಸೆಕೆಂಡ್, ಒಂದೇ ಹದದಲ್ಲಿ ಬರುತ್ತದೆ. ಎಕ್ಸ್-ಪ್ಲೇನ್ 11 ಇರುವವರು 11.50 ಅಥವಾ ಆಮೇಲಿನದಕ್ಕೆ ಬಂದು ವಲ್ಕನ್ (ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬಿಡಿಸುವ ಹೊಸ ವಿಧಾನ) ಆನ್ ಮಾಡಿಕೊಳ್ಳಿ. ನೀರಿನಲ್ಲಿ ಪ್ರತಿಬಿಂಬ ತೋರಿಸುವ ರಿಫ್ಲೆಕ್ಷನ್ ಪೂರ್ತಿ ಇಳಿಸಿ, ಕೆಆರ್‌ಎಸ್ ನೀರು ಆಗಲೂ ಚೆನ್ನಾಗಿಯೇ ಕಾಣುತ್ತದೆ.

ಈಗ ರಾತ್ರಿಯ ಕ್ರಮ ಬೇರೆ. ಎಂಟೂವರೆಗೆ ಡಿಸೈನಿನ ಕೋರೆಲ್ ಮುಚ್ಚುತ್ತೇನೆ, ಕನ್ನಡ ಟೈಪಿನ ನುಡಿ ಮುಚ್ಚುತ್ತೇನೆ, ಬ್ರೌಸರ್ ಮುಚ್ಚುತ್ತೇನೆ. ನಾಳೆಯ ಪತ್ರಿಕೆಗಳು ಸೇವ್ ಆಗಿವೆಯಾ ನೋಡುತ್ತೇನೆ. ಒಮ್ಮೆ ರೀಸ್ಟಾರ್ಟ್. ಅದು ಏಳುವಷ್ಟರಲ್ಲಿ ಫ್ಲಾಸ್ಕಿನಲ್ಲಿ ಉಳಿದ ಟೀ ಬಗ್ಗಿಸಿಕೊಂಡು, ಜಾಯ್‌ಸ್ಟಿಕ್ ಚೀಲದ ದಾರ ಬಿಚ್ಚುತ್ತೇನೆ. ಟಿಣ್ ಸದ್ದಿಲ್ಲ. ಮೊನ್ನೆ ಮಳೆ ಬರುತ್ತಿದ್ದ ರಾತ್ರಿ ಪೂರ್ವದ ಕಡೆಯಿಂದ ಇಳಿದೆ. ಬಲಗಡೆ ಚಾಮುಂಡಿ ಬೆಟ್ಟ ನಿಧಾನವಾಗಿ ಹಿಂದೆ ಸರಿಯಿತು, ರನ್‌ವೇಯ ಬಿಳಿ ಗೆರೆಗಳು ಒಂದೊಂದಾಗಿ ಮೂಗಿನ ಕೆಳಗೆ ಬಂದವು, ಚಕ್ರ ತಾಗಿದ್ದು ಸದ್ದಿನಿಂದಷ್ಟೇ ಗೊತ್ತಾಯಿತು.

ಬೂಸ್ಟರಿಗೆ ಐದರಲ್ಲಿ ಒಂದು ಸ್ಟಾರ್. ನಿಮ್ಮ ಹತ್ತಿರ ಈ ಥರದ್ದೇನಾದರೂ ಇದ್ದರೆ, ತೆಗೆಯುವ ಮೊದಲು ಗೇಮ್ ಮೋಡ್ ಆಫ್ ಮಾಡಿ. ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ‘ಆಟೊಮ್ಯಾಟಿಕ್’ ಅಂತ ಇದೆಯಾ ನೋಡಿಕೊಳ್ಳಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಪ್ರೋಗ್ರಾಂ ತೆಗೆದರೆ ದುಡ್ಡು ಕತ್ತರಿಸುವುದು ನಿಲ್ಲುವುದಿಲ್ಲ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಕಡೆ ಹೋಗಿ ಅದನ್ನು ಬೇರೆಯಾಗಿ ರದ್ದು ಮಾಡಬೇಕು.