ಸಂಸ್ಕಾರ: ಮೊದಲು ಓದೋದಾ, ನೋಡೋದಾ?

ಯು. ಆರ್. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಸಿನಿಮಾ 1970ರದ್ದು. ಕತೆ ಒಂದೇ. ಕಟ್ಟಳೆ ಮುರಿದು ಬದುಕಿದ ನಾರಣಪ್ಪ ಸತ್ತಿದ್ದಾನೆ. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಸಂಸ್ಕಾರ ಆಗೋವರೆಗೂ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ.

ಧರ್ಮದ ಪ್ರಶ್ನೆಯೇ ನಿಮಗೆ ಮುಖ್ಯ ಅಂದ್ರೆ ಪುಸ್ತಕವನ್ನೇ ಹಿಡಿಯಿರಿ. ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾರೆ, ಉತ್ತರ ಸಿಗಲ್ಲ. ಮಾರುತಿ ಗುಡಿಗೆ ಹೋಗಿ ಪ್ರಸಾದಕ್ಕೆ ಕಾಯುತ್ತಾರೆ, ದೇವರು ಹೂ ಕೊಡಲ್ಲ. ಆ ಕಾಯುವಿಕೆಯಲ್ಲಿ ಅವರ ತಲೆಯೊಳಗೆ ಏನು ನಡೆಯುತ್ತದೆ ಅನ್ನೋದು ಓದಿದರೇ ಗೊತ್ತಾಗೋದು. ಕೊನೆಯ ಭಾಗವಂತೂ ಹೆಚ್ಚುಕಡಿಮೆ ಪೂರ್ತಿ ಅವರ ಮನಸ್ಸಿನೊಳಗೇ ನಡೆಯುತ್ತದೆ. ಕೆಲವರಿಗೆ ಅದು ಎಳೆದಂತೆ ಅನಿಸಬಹುದು, ನನಗೆ ಹಾಗನಿಸಲಿಲ್ಲ.

ಸಿನಿಮಾದ ಬಲ ಮುಖಗಳಲ್ಲಿದೆ. ಆಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನ ಜೊತೆ ಬಾಳಿದ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸಂಸ್ಕಾರದ ಖರ್ಚಿಗೆ ಅಂತ ಚಂದ್ರಿ ಒಡವೆ ಬಿಚ್ಚಿಡುವ ಸನ್ನಿವೇಶ ಇದೆಯಲ್ಲ, ಅಲ್ಲಿಯವರೆಗೆ ಹಿಂಜರಿದವರಿಗೆಲ್ಲ ಚಿನ್ನದ ಆಸೆ ಹುಟ್ಟುತ್ತದೆ. ಇಂಥ ಕಡೆ ವಿವರಣೆಯೇ ಬೇಡ, ಅಲ್ವಾ? ಮೊದಲು ಸೆನ್ಸಾರ್ ಮಂಡಳಿ ತಡೆದಿದ್ದ ಈ ಚಿತ್ರಕ್ಕೇ ಆಮೇಲೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು! ಕಪ್ಪುಬಿಳುಪು, ನಿಧಾನ ಕೂಡ. ಮೊಬೈಲ್ ನೋಡ್ತಾ ನೋಡುವ ಸಿನಿಮಾ ಅಲ್ಲ.

ಒಂದೇ ಸಂಜೆ ಇದ್ದರೆ ಸಿನಿಮಾ ನೋಡಿ. ಒಂದು ವಾರ ಇದ್ದರೆ ಪುಸ್ತಕ ಮೊದಲು. ಸಿನಿಮಾ ನೋಡಿ ಓದಿದರೆ ಆಚಾರ್ಯರಿಗೆ ಕಾರ್ನಾಡರ ಮುಖವೇ ಅಂಟಿಕೊಂಡುಬಿಡುತ್ತೆ.