ಅಚ್ಚುಕಟ್ಟು ಪಟ್ಟಿ ಎಕ್ಸೆಲ್‌ಗೆ ಹೋಯಿತು, 27 ಗುಂಟೆ ಕಾಣೆಯಾಯಿತು

ಜಮೀನಿನ ಪಟ್ಟಿ, ಸಂಘದ ಲೆಕ್ಕ, ಹಳೇ ರಿಜಿಸ್ಟರು ಇಂಥದ್ದನ್ನೆಲ್ಲ ಸ್ಕ್ಯಾನ್ ಮಾಡಿಸಿ ಎಕ್ಸೆಲ್‌ಗೆ ಹಾಕಿಸಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮೂರ ಕೆರೆ ಸಂಘಕ್ಕೆ ಆದದ್ದು ಇನ್ನೊಂದು ಊರಿಗೆ ಆಗಬಾರದು.

ನಮ್ಮ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಜಮೀನುಗಳ, ಪಟ್ಟಿ ಟೈಪ್ ಮಾಡಿದ ಹಳೇ ಹಾಳೆಗಳಲ್ಲಿತ್ತು. ಒಂದೊಂದು ಸಾಲಿಗೂ ರೈತರ ಹೆಸರು, ಸರ್ವೆ ನಂಬರು, ಹಿಸ್ಸಾ (ಆ ನಂಬರಿನೊಳಗಿನ ಭಾಗ), ಎಕರೆ-ಗುಂಟೆ, ಯಾವ ತೂಬಿನ (ಕೆರೆಯಿಂದ ನೀರು ಬಿಡುವ ಬಾಗಿಲು) ನೀರು ಅನ್ನುವುದು. ಪ್ರತಿ ಹಾಳೆಯ ಕೊನೆಗೆ ಮೊತ್ತ. ತೂಬು ಎತ್ತಿದಾಗ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನುವುದನ್ನು ನೀರುಗಂಟಿ ಈ ಪಟ್ಟಿ ನೋಡಿಯೇ ಹೇಳುವುದು. ಹಾಳೆಗಳು ಮಡಚಿದಲ್ಲೆಲ್ಲ ಹರಿಯುತ್ತಿದ್ದವು. ಸಂಘದವರು ತಾಲ್ಲೂಕು ಕೇಂದ್ರದ ಒಂದು ಡೇಟಾ ಎಂಟ್ರಿ ಅಂಗಡಿಗೆ ಕೊಟ್ಟರು. ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್‌ನಿಂದ ಓದಿಸಿ, ಕ್ಲೀನ್ ಮಾಡಿ ಕೊಡ್ತೀವಿ ಅಂದರು ಅವರು. ಬಂದ ಫೈಲು ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಅದನ್ನೇ ಪ್ರಿಂಟ್ ತೆಗೆದು ಸಂಘದ ಗೋಡೆಗೆ ಅಂಟಿಸಿದರು.

ಜಗಳ ಶುರುವಾಗಿದ್ದು ಅಲ್ಲಿಂದ. 1 ಎಕರೆ 30 ಗುಂಟೆ ಇದ್ದ ಹಿರಿಯರೊಬ್ಬರ ಹೆಸರಿನ ಮುಂದೆ 1 ಎಕರೆ 3 ಗುಂಟೆ ಅಂತಿತ್ತು. "ಏನಪ್ಪಾ, ನನ್ನ ಇಪ್ಪತ್ತೇಳು ಗುಂಟೆ ಯಾರ ಪಾಲಾಯ್ತು?" ಅಂತ ಅವರು ಎಲ್ಲರೆದುರು ಕೇಳಿದರು. ಪಕ್ಕದ ಜಮೀನಿನವರ ಮೇಲೆ ಅನುಮಾನ ಬಂತು. ಕಾರ್ಯದರ್ಶಿಯೇ ತಿದ್ದಿಸಿದ್ದಾರೆ ಅಂತ ಕೆಲವರು ಅಂದರು. ತಪ್ಪು ಯಾರದ್ದೂ ಅಲ್ಲದ ಕಡೆ ಊರು ಎರಡಾಗುವುದನ್ನು ನೋಡುವುದು ತುಂಬಾ ಕಷ್ಟ. ಕೊನೆಗೆ ಆ ಫೈಲನ್ನು ಹಳೇ ಹಾಳೆಗಳ ಜೊತೆ ಇಟ್ಟುಕೊಂಡು ಸಾಲು ಸಾಲಾಗಿ ನೋಡುವ ಕೆಲಸ ನನಗೆ ಬಂತು.

ಆ 27 ಗುಂಟೆ ಹೋಗಿದ್ದು ಹೀಗೆ. ನಮ್ಮಲ್ಲಿ 1 ಎಕರೆ 30 ಗುಂಟೆಯನ್ನು 1.30 ಅಂತ ಬರೆಯುವ ರೂಢಿ. ಪಹಣಿಯಲ್ಲೂ ಹಾಗೇ ಚುಕ್ಕಿ ಇಟ್ಟು ಬರೆಯುತ್ತಾರೆ. ಎಕ್ಸೆಲ್‌ಗೆ ಅದು ದಶಮಾಂಶ. ಕೊನೆಯ ಸೊನ್ನೆಗೆ ಅಲ್ಲಿ ಬೆಲೆಯಿಲ್ಲ, ಹಾಗಾಗಿ 1.3 ಅಂತ ತೋರಿಸಿತು. ಅಂಗಡಿಯವರು ಎಕರೆ ಬೇರೆ, ಗುಂಟೆ ಬೇರೆ ಕಾಲಮ್ ಮಾಡುವಾಗ ಚುಕ್ಕಿಯ ಆಚೆಗಿನ 3ನ್ನು ಮೂರು ಗುಂಟೆ ಅಂದುಕೊಂಡರು. 10, 20, 30 ಗುಂಟೆ ಇದ್ದ ಎಲ್ಲರಿಗೂ ಇದೇ ಗತಿ. 15 ಗುಂಟೆಯವರಿಗೆ ಏನೂ ಆಗಿರಲಿಲ್ಲ. ಅದಕ್ಕೇ ಪಟ್ಟಿ ಬಹುಪಾಲು ಸರಿ ಇದ್ದಂತೆ ಕಂಡಿತು.

ಮೊತ್ತ ಹಾಕಿದರೂ ಅದೇ ತೊಂದರೆ. ಎಕರೆಗೆ 40 ಗುಂಟೆ ಅಲ್ವಾ? 2.20ಕ್ಕೆ 1.30 ಕೂಡಿಸಿದರೆ ಎಕ್ಸೆಲ್ 3.5 ಅನ್ನುತ್ತದೆ. ನಿಜವಾದ ಲೆಕ್ಕ 4 ಎಕರೆ 10 ಗುಂಟೆ. ವಿಸ್ತೀರ್ಣವನ್ನು ಒಂದೇ ಕಾಲಮ್‌ನಲ್ಲಿ ಸಂಖ್ಯೆಯಾಗಿ ಇಡಲೇಬೇಡಿ. ಎಕರೆಗೆ ಒಂದು, ಗುಂಟೆಗೆ ಒಂದು ಕಾಲಮ್ ಇರಲಿ. ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡಿಸಿದ ಮೂರನೇ ಕಾಲಮ್ ಒಂದಿರಲಿ. ಗುಂಟೆ ಕಾಲಮ್‌ನಲ್ಲಿ 40 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಆ ಸಾಲು ತಪ್ಪು ಅಂತಲೇ ತಿಳಿಯಿರಿ.

ಸರ್ವೆ ನಂಬರಿನ ಕಥೆ ಇನ್ನೂ ಕೆಟ್ಟದ್ದು. 12/3 ಅಂದರೆ ನಮಗೆ 12ನೇ ನಂಬರಿನ ಮೂರನೇ ಹಿಸ್ಸಾ. ಎಕ್ಸೆಲ್‌ಗೆ ಅದು ಮಾರ್ಚ್ 12. ಒಮ್ಮೆ ತಾರೀಖು ಆದಮೇಲೆ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿದರೂ 12/3 ಮರಳಿ ಬರುವುದಿಲ್ಲ. 2025ರಲ್ಲಿ ಹಾಕಿದ ಫೈಲಾದರೆ 45728 ಅನ್ನುವ ಐದಂಕಿ ಬಂದು ಕೂರುತ್ತದೆ. ಎಕ್ಸೆಲ್ ತಾರೀಖನ್ನು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದೇ ಹೀಗೆ. 45/2 ತಾರೀಖಿನಂತೆ ಕಾಣದ್ದರಿಂದ ಹಾಗೇ ಉಳಿದಿತ್ತು. ಅರ್ಧ ಕಾಲಮ್ ಸರಿ, ಅರ್ಧ ತಪ್ಪು. ಈ ತೊಂದರೆ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ಎಕ್ಸೆಲ್ ತಾರೀಖು ಮಾಡಿಬಿಡುತ್ತಿದ್ದ ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಿದ ವಿಷಯ 2020ರಲ್ಲಿ ಸುದ್ದಿಯಾಗಿತ್ತು. 2023ರಲ್ಲಿ ಮೈಕ್ರೋಸಾಫ್ಟ್ ಇಂಥ ಬದಲಾವಣೆಗಳನ್ನು ನಿಲ್ಲಿಸುವ ಆಯ್ಕೆ ಕೊಟ್ಟಿತು, ಆದರೆ ಅದು ಹೊಸ ಆವೃತ್ತಿಗಳಲ್ಲಿ ಮಾತ್ರ. ಹಾಗಾಗಿ ಸಿಎಸ್‌ವಿ (ಕಾಲಮ್‌ಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಟ್ಟಿ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ಒಳಗೆ ತನ್ನಿ, ಎಲ್ಲ ಕಾಲಮ್‌ಗಳನ್ನೂ ಮೊದಲು ಟೆಕ್ಸ್ಟ್ ಮಾಡಿ. ಲಿಬ್ರೆ ಆಫೀಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆಯುವಾಗಲೇ ಯಾವ ಕಾಲಮ್ ಯಾವ ಬಗೆಯದ್ದು ಅನ್ನುವ ಪ್ರಶ್ನೆ ಬರುತ್ತದೆ, ಸುಮ್ನೆ ಓಕೆ ಒತ್ತಬೇಡಿ.

ಇನ್ನು ತೂಬಿನ ಕಾಲಮ್. ಮೇಲಿನದ್ದೇ ಅನ್ನುವುದಕ್ಕೆ ಟೈಪ್ ಮಾಡಿದವರು ಎರಡು ಗೀಟು ಹಾಕಿದ್ದರು. ಸಾಫ್ಟ್‌ವೇರ್ ಅದನ್ನು 11 ಅಂತ ಓದಿತ್ತು. ನಮ್ಮ ಕೆರೆಗೆ ಇರುವುದೇ ಎರಡು ತೂಬು. ಊರಿನ ಯಾರಿಗಾದರೂ ಒಮ್ಮೆ ತೋರಿಸಿದ್ದರೆ ಅಲ್ಲೇ ಹೇಳುತ್ತಿದ್ದರು.

ಕೆಲವು ಹಾಳೆಗಳಲ್ಲಿ ಕನ್ನಡ ಅಂಕಿಗಳಿದ್ದವು. ಮಾಸಿದ ಅಕ್ಷರದಲ್ಲಿ ೬ ಮತ್ತು ೯ ಅದಲುಬದಲಾಗಿದ್ದವು. ಸೊನ್ನೆ ಇದ್ದ ಕಡೆ ಅನುಸ್ವಾರ ಬಂದಿತ್ತು. ಕಣ್ಣಿಗೆ ಎರಡೂ ಒಂದೇ ಥರದ ದುಂಡು, ಕಂಪ್ಯೂಟರ್‌ಗೆ ಬೇರೆ ಬೇರೆ ಅಕ್ಷರ. ಹಾಗೆ ಬಂದ ಸಾಲುಗಳು ಮೊತ್ತಕ್ಕೆ ಸೇರುವುದೇ ಇಲ್ಲ, ಎಕ್ಸೆಲ್ ಅವನ್ನು ಸದ್ದಿಲ್ಲದೆ ಬಿಟ್ಟು ಕೂಡಿಸುತ್ತದೆ. ಅಂಕಿ ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಅದು ಸಂಖ್ಯೆಯಲ್ಲ, ಅಕ್ಷರ ಅನ್ನುವ ಗುಮಾನಿ ಇರಲಿ. ಹೆಸರುಗಳಲ್ಲಿ ಕಾಣದ ಸ್ಪೇಸ್ ಸೇರಿರುತ್ತದೆ. ಟ್ರಿಮ್ (ಹೆಚ್ಚಿನ ಸ್ಪೇಸ್ ತೆಗೆಯುವ ಸೂತ್ರ) ಹಾಕಿದರೂ ಹೋಗದಿದ್ದರೆ ಅದು ಸಾಮಾನ್ಯ ಸ್ಪೇಸ್ ಅಲ್ಲ, ಕಂಪ್ಯೂಟರ್‌ನ ಅಕ್ಷರಪಟ್ಟಿಯ 160ನೇ ನಂಬರಿನ ಸ್ಪೇಸ್ ಇರಬಹುದು, ಅದನ್ನು ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಬೇರೆಯಾಗಿ ತೆಗೆಯಬೇಕು.

ಇಷ್ಟೆಲ್ಲ ತಪ್ಪನ್ನೂ ನಾನು ಕ್ಷಮಿಸಬಲ್ಲೆ. ಯಂತ್ರ ತಪ್ಪು ಓದುವುದು ಸಹಜ. ಆದರೆ ಆ ಅಂಗಡಿಯವರು ಕ್ಲೀನ್ ಮಾಡುವ ಹೆಸರಿನಲ್ಲಿ ಹಾಳೆಗಳ ಕೊನೆಯ ಮೊತ್ತದ ಸಾಲುಗಳನ್ನು ಅಳಿಸಿದ್ದರು. ಪಟ್ಟಿಯನ್ನು ಹೆಸರಿನ ಅಕಾರಾದಿಗೆ ಜೋಡಿಸಿದ್ದರು. ಯಾವ ಸಾಲು ಯಾವ ಹಾಳೆಯದ್ದು ಅನ್ನುವ ಗುರುತೇ ಇಲ್ಲ. ಓದಲಾಗದ ಕಡೆ ಖಾಲಿ ಬಿಡದೆ ಅಂದಾಜಿನಲ್ಲಿ ತುಂಬಿದ್ದರು. ಖಾಲಿ ಇದ್ದಿದ್ದರೆ ಹೋಗಿ ಕೇಳಬಹುದಿತ್ತು. ತುಂಬಿದ ಸುಳ್ಳನ್ನು ಹುಡುಕುವುದು ಹೇಗೆ? ತಿದ್ದಿಕೊಡಿ ಅಂದರೆ ಮತ್ತೆ ದುಡ್ಡು ಕೇಳಿದರು.

ಹಾಳೆಯ ಮೊತ್ತ ಎಷ್ಟು ಮುಖ್ಯ ಅನ್ನುವುದನ್ನು ಹಳೇ ಗುಮಾಸ್ತರನ್ನು ಕೇಳಿ. ಅವರ ಹತ್ತಿರ ಒಂದು ಉಪಾಯವಿದೆ. ಹಳೇ ಹಾಳೆಯ ಮೊತ್ತಕ್ಕೂ ಹೊಸ ಪಟ್ಟಿಯ ಮೊತ್ತಕ್ಕೂ ಇರುವ ವ್ಯತ್ಯಾಸ 9ರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು. 30 ಹೋಗಿ 03 ಆದರೆ ವ್ಯತ್ಯಾಸ 27. ನಮ್ಮ ಹಿರಿಯರ ಗುಂಟೆ ಹೇಗೆ ಹೋಯಿತು ಅನ್ನುವ ಸುಳಿವು ಸಿಕ್ಕಿದ್ದು ಈ ಲೆಕ್ಕದಿಂದಲೇ. ಮೂಲ ಹಾಳೆಗಳನ್ನು ಸಂಘದವರು ಎಸೆಯದೆ ಇಟ್ಟಿದ್ದು ಪುಣ್ಯ.

ಸ್ಕ್ಯಾನ್ ಚಿತ್ರವನ್ನೂ ಕಣ್ಣುಮುಚ್ಚಿ ನಂಬಬೇಡಿ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞರು ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗಲೇ ಅಂಕಿ ಬದಲಾಯಿಸುತ್ತಿದ್ದುದನ್ನು ತೋರಿಸಿದರು. ಒಂದು ಮನೆ ನಕ್ಷೆಯಲ್ಲಿ 14.13, 21.11, 17.42 ಚದರ ಮೀಟರ್ ಇದ್ದ ಮೂರು ಕೋಣೆಗಳೂ 14.13 ಆಗಿದ್ದವು. ಫೈಲ್ ಚಿಕ್ಕದು ಮಾಡುವ ತಂತ್ರ, ಒಂದೇ ಥರ ಕಂಡ ತುಣುಕುಗಳ ಜಾಗದಲ್ಲಿ ಒಂದನ್ನೇ ಮತ್ತೆ ಮತ್ತೆ ಅಂಟಿಸುತ್ತಿತ್ತು. ಕಂಪನಿ ಆಮೇಲೆ ಸರಿಪಡಿಸುವ ಸಾಫ್ಟ್‌ವೇರ್ ಕೊಟ್ಟಿತು. ಅಂಥ ತಪ್ಪು ಮಸುಕಾಗಿ ಕಾಣುವುದಿಲ್ಲ, ಅಚ್ಚುಕಟ್ಟಾದ ಅಂಕಿಯಾಗೇ ಕಾಣುತ್ತದೆ. ಫೈಲ್ ದೊಡ್ಡದಾದರೂ ಪರವಾಗಿಲ್ಲ, 300 ಡಿಪಿಐಗಿಂತ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಅಳತೆ) ಕಡಿಮೆಯಲ್ಲಿ ಸ್ಕ್ಯಾನ್ ಮಾಡಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ.

ಬೇರೆಯವರಿಂದ ಮಾಡಿಸುವುದಾದರೆ ದುಡ್ಡು ಕೊಡುವ ಮೊದಲೇ ಕೆಲವು ಮಾತು ಗಟ್ಟಿ ಮಾಡಿಕೊಳ್ಳಿ. ಪ್ರತಿ ಸಾಲಿಗೂ ಹಾಳೆ ನಂಬರು, ಸಾಲಿನ ನಂಬರು ಇರಬೇಕು. ಮೊತ್ತದ ಸಾಲು ಅಳಿಸಬಾರದು. ಓದಲಾಗದ್ದು ಖಾಲಿಯೇ ಇರಬೇಕು, ಅದಕ್ಕೆ ಬಣ್ಣ ಹಚ್ಚಿರಬೇಕು. ಸಾಫ್ಟ್‌ವೇರ್ ಮೊದಲು ಕೊಟ್ಟ ಫೈಲು, ತಿದ್ದಿದ ಫೈಲು ಎರಡೂ ನಿಮ್ಮ ಕೈಗೆ ಬರಬೇಕು. ಆಮೇಲೆ ಒಬ್ಬರು ಹಳೇ ಹಾಳೆ ನೋಡಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪರದೆ ನೋಡಲಿ. ಆ ಓದುವವರು ಜಮೀನು ಬಲ್ಲವರಾಗಿದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಈಗ ನೀರುಗಂಟಿಯೇ ಓದುತ್ತಿದ್ದಾರೆ, ಅವರು ಸಹಿ ಹಾಕದ ಹಾಳೆಯನ್ನು ಗೋಡೆಗೆ ಅಂಟಿಸುವುದಿಲ್ಲ.